ನೆರೆಯ ಗೆರೆಗೆ ಬಳಿದ ಸುಣ್ಣ

ಬಂಟ್ವಾಳದ ನಮ್ಮ ಮನೆಯ ಗೋಡೆಯಲ್ಲಿ ನೆರೆ ಬಿಟ್ಟುಹೋದ ಕೆಸರಿನ ಗೆರೆ ಎಷ್ಟು ಎತ್ತರಕ್ಕಿತ್ತು? ಸೊಂಟದವರೆಗೆ ಎಂದು ಬರೆದೆ, ಹೊಡೆದುಹಾಕಿದೆ. ಎದೆಯವರೆಗೆ ಎಂದರೆ ಕಥೆ ಕಟ್ಟಿದಂತೆ ಕಾಣುತ್ತದೆ. ಗೆರೆ ಇತ್ತು, ಅಷ್ಟು ಖಂಡಿತ.

ಐವತ್ತರ ದಶಕದ ಕೊನೆಯಿರಬೇಕು. ನಾನು ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ನೇತ್ರಾವತಿ ಮನೆಯೊಳಗೆ ಬಂದಿತ್ತು. ಮಳೆ ನಿಂತ ಮೇಲೆ, ಹೊಳೆಬದಿಗೆ ತಡೆಗೋಡೆ ಕಟ್ಟಲು ಸರಕಾರ ಗ್ರಾಂಟು ಕೊಡುತ್ತದೆಂಬ ಸುದ್ದಿ ಬಂತು. ಕಲ್ಲು ಹೊರುವ ಕೆಲಸ ಊರಿನವರದು. ಸಾಲಿನ ಕೊನೆಯ ಮನೆ ನಮ್ಮದು. ಗೋಡೆ ನಮ್ಮವರೆಗೆ ಬಂದೀತೇ ಎಂಬುದೊಂದೇ ನಮ್ಮ ಚಿಂತೆ.

ಪಕ್ಕದ ಮನೆಯವರು ಪಂಚಾಯತಿನ ಮೆಂಬರು. ಬೇಲಿಯಾಚೆಯಿಂದ ಅತ್ತೆಯನ್ನು ಕರೆದರು.

"ಅಕ್ಕ, ಗ್ರಾಂಟಿನ ಓವರ್ಸಿಯರು ನಾಡಿದ್ದು ಬರ್ತಾರೆ. ಕಾಫಿ ನಿಮ್ಮಲ್ಲೇ ಮಾಡುವ. ಮನೆ ಸ್ವಲ್ಪ ಚಂದ ಇರ್ಲಿ."

ಚಿಪ್ಪಿನ ಸುಣ್ಣವನ್ನೂ ಅವರೇ ಕಳಿಸಿದರು. ಕೇಳದೆ ಬಂದ ಸುಣ್ಣ ನೋಡಿ ನನಗೆ ಆಗಲೇ ಏನೋ ಅನ್ನಿಸಿತ್ತು ಎಂದು ಈಗ ಹೇಳುವುದು ಸುಲಭ.

"ಸರಕಾರದವರು ಈ ಕೆಸರಿಗೆ ಬೆನ್ನು ಕೊಟ್ಟು ಕೂರುವುದಾ?" ಎಂದರು ಅತ್ತೆ. "ಮಾನ ಬೇಡವಾ ನಮಗೆ? ನೀರು ತಾ."

ಇಬ್ಬರೂ ಸೇರಿ ಬಳಿದೆವು. ಗೋಡೆ ಹಾಲಿನ ಹಾಗಾಯಿತು.

ಓವರ್ಸಿಯರು ಮೈಸೂರು ಕಡೆಯವರು. ಕಾಫಿ ಕುಡಿದು ಸುತ್ತ ನೋಡಿದರು. "ನೀರು ಬಂದ ಗುರುತು ಎಲ್ಲಿದೆಯಮ್ಮಾ?"

"ಎಲ್ಲ ತೆಗೆದು ಚಂದ ಮಾಡಿದ್ದೇವೆ!" ಅತ್ತೆಯ ಮುಖ ಅರಳಿತ್ತು.

"ಗುರುತು ಇರೋ ಮನೆವರೆಗೆ ಮಾತ್ರ ಗ್ರಾಂಟು. ಬಾಯಲ್ಲಿ ಹೇಳಿದ್ರೆ ನಾನೇನ್ ಬರ್ಕೊಳ್ಳಲಿ?"

ನನ್ನ ಗಂಡ ಜೊತೆಗೆ ಬಂದಿದ್ದ ಮೆಂಬರರತ್ತ ತಿರುಗಿದರು. "ನೀವಾದ್ರೂ ಹೇಳಿ. ನಿಮಗೆ ಗೊತ್ತುಂಟಲ್ಲ."

"ಬಂದಿರಬಹುದು ಮಾರಾಯ. ನಾನು ಆಗ ಮೂಡಬಿದ್ರೆಯಲ್ಲಿದ್ದೆ."

ಅವರ ಸ್ವಂತ ಮನೆಯ ಗೋಡೆಯಲ್ಲಿ ಗೆರೆ ಹಾಗೇ ಇತ್ತು. ಓವರ್ಸಿಯರು ಅಲ್ಲಿಗೆ ಹೋಗಿ ಅಳೆದರು.

ನನ್ನ ಗಂಡನೂ ಕಲ್ಲು ಹೊತ್ತರು. ಊರಿನ ಕೆಲಸಕ್ಕೆ ಹೋಗದಿರುವುದು ಹೇಗೆ? ತಡೆಗೋಡೆ ಮೆಂಬರರ ಅಂಗಳದ ಮೂಲೆಗೆ ನಿಂತಿತು. ಅಲ್ಲಿ ಉಳಿದ ಕಡೆಗಿಂತ ಎತ್ತರವಾಗಿತ್ತು ಎಂದು ನನ್ನ ನೆನಪು. ನನ್ನ ಸಂಶಯವೇ ಅದನ್ನು ಎತ್ತರಿಸಿದ್ದರೂ ಇರಬಹುದು.

ಮುಂದಿನ ಆಟಿ ತಿಂಗಳ ಜಡಿಮಳೆಯಲ್ಲಿ ಹೊಳೆ ಗೋಡೆಯ ತುದಿ ಬಳಸಿ ನೇರ ನಮ್ಮ ಅಡುಗೆಮನೆಗೆ ನುಗ್ಗಿತು.

"ಅಕ್ಕ, ಇಲ್ಲಿ ಬನ್ನಿ! ಇಲ್ಲಿ ಒಣಗಿ ಉಂಟು!" ಮೆಂಬರು ನೀರಿಗಿಳಿದು ಅತ್ತೆಯ ಕೈಹಿಡಿದು ಕರೆದೊಯ್ದರು. ಆ ಕೈಯಲ್ಲಿ ಕಪಟವಿತ್ತೆಂದು ನಾನು ಹೇಳಲಾರೆ. ಇರಲಿಲ್ಲ ಎಂದೂ ಹೇಳಲಾರೆ.

ಅವರ ಜಗಲಿಯಲ್ಲಿ ಅತ್ತೆ ಸೀರೆಯಂಚು ಹಿಂಡುತ್ತಿದ್ದರು. ಹತ್ತಿರ ಕೂತು ಕೇಳಿದೆ: "ಆ ಸುಣ್ಣ ಇವರು ಬೇಕೆಂದೇ ಕಳಿಸಿದ್ದಾ?"

"ಮೆಲ್ಲ ಮಾತಾಡು," ಎಂದರು ಅತ್ತೆ. "ಮಳೆ ಬಿಡುವವರೆಗೆ ನಾವು ಇಲ್ಲೇ ಇರ್ಬೇಕು."