ನೀಲಕ್ಕ ಮಾಫಿ ಕೊಡಲಿಲ್ಲ

ನೀಲಕ್ಕ ಕೈಗೆ ಬಳೆ ತೊಡುತ್ತಿರಲಿಲ್ಲ. ಮಣಿಕಟ್ಟಿನ ಸುತ್ತಲಿನ ಹಗ್ಗದ ಕಲೆ ಎಲ್ಲರಿಗೂ ಕಾಣಬೇಕು ಅವಳಿಗೆ. ಅಂಬೇವಾಡಿಯಲ್ಲಿ ನಮ್ಮ ಪಕ್ಕದ ಮನೆಯೇ ಅವಳ ಖಾನಾವಳಿ. ಊಟಕ್ಕೆ ಬಂದವರು ಕಲೆಯ ಬಗ್ಗೆ ಕೇಳಿದರೆ ರೊಟ್ಟಿ ಬಡಿಯುತ್ತಲೇ, “ತವರುಮನಿ ಬಳಿರೀ. ನಮ್ಮಣ್ಣ ಇಡಿಸಿದ್ದು” ಎನ್ನುತ್ತಿದ್ದಳು.

ಹರೆಯದಲ್ಲಿ, ತವರೂರು ಪಾಳಾದಲ್ಲಿದ್ದಾಗ, ಅವಳಿಗೆ ನಿದ್ದೆಯೇ ಹೋಗಿಬಿಟ್ಟಿತ್ತು. ನಿಲ್ಲದ ಮಾತು, ನಗು. ಕಿವಿಯೋಲೆ ಬಿಚ್ಚಿ ದಾರಿಹೋಕರಿಗೆ ಕೊಟ್ಟಳು. ಅಣ್ಣ ಬಸಣ್ಣ ದೆವ್ವ ಬಡಿದಿದೆಯೆಂದು ಅವಳನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಮಂತ್ರವಾದಿಯಿಂದ ಹೊಡೆಸಿದ. ದಾಂಡೇಲಿಯ ಸೋದರತ್ತೆ ಬಂದು ಹಗ್ಗ ಬಿಚ್ಚಿಸಿ, ಧಾರವಾಡದ ಡಾಕ್ಟರ ಬಳಿ ಕರೆದೊಯ್ದಳು. ನೀಲಕ್ಕ ಮತ್ತೆ ಪಾಳಾದ ಕಡೆ ತಿರುಗಿ ನೋಡಲಿಲ್ಲ.

“ದೆವ್ವಲ್ಲ, ಗಾಳಿ ಅಲ್ಲ,” ಎಂದು ನನಗೆ ವಿವರಿಸುತ್ತಿದ್ದಳು. “ಮೆದುಳಿನ್ಯಾಗ ನರಗೋಳು ಒಂದಕ್ಕೊಂದು ಸುದ್ದಿ ಮುಟ್ಟಸ್ತಾವ. ನನ್ನವು ಒಮ್ಮೆ ಬಾಯಿ ಮುಚ್ಚೂದಿಲ್ಲ, ಒಮ್ಮೆ ಬಾಯಿ ತೆರಿಯೂದಿಲ್ಲ. ಲಿಥಿಯಂ ಅಂತ ಒಂದು ಉಪ್ಪು, ಅದು ಅವನ್ನ ಹದಕ್ಕ ತರತೈತಿ. ರಕ್ತಸಂಬಂಧದಾಗೂ ಬರಬಹುದಂತ.”

ಬಂದೇಬಿಟ್ಟಿತು. ಒಂದು ಮಧ್ಯಾಹ್ನ ಬಸಣ್ಣ ಬಾಗಿಲಲ್ಲಿ ನಿಂತಿದ್ದ. ಹೊರಗೆ ಜೀಪಿನಲ್ಲಿ ಅವನ ಮಗಳು ಸುಮಾ ಒಬ್ಬಳೇ ಬಿಡುವಿಲ್ಲದೆ ಮಾತಾಡುತ್ತಿದ್ದಳು.

“ನೀಲಾ, ಹುಡುಗಿ ನಿದ್ದಿ ಮಾಡವಲ್ಲದು. ನಿನ್ನ ಡಾಕ್ಟರ್ ಕಡೆ ಕರಕೊಂಡು ಹೋಗವ್ವಾ.”

ನೀಲಕ್ಕ ಅವನನ್ನು ಒಳಗೆ ಕರೆಯಲಿಲ್ಲ. “ಕಂಬಕ್ಕ ಕಟ್ಟಲಿಲ್ಲ ಯಾಕ?”

“ಮಗಳವ್ವಾ. ಕರುಳು ಕೇಳಲಿಲ್ಲ.”

“ನಾ ಯಾರ ಮಗಳೂ ಇರಲಿಲ್ಲೇನು?”

ಅವನು ಜೀಪಿನ ಕಡೆ ತಿರುಗಿ ನೋಡಿದ.

“ಊಟಕ್ಕ ಕುಂತವರ ಮುಂದ ಹೇಳು. ನನ್ನ ತಂಗಿ ಹುಚ್ಚಿ ಅಲ್ಲ, ಬ್ಯಾನಿ ಇದ್ದಾಕಿನ್ನ ಕಟ್ಟಿ ಹೊಡಿಸಿದೆ ಅಂತ.”

ಹೇಳಿದ.

“ಕೇಳಸಲಿಲ್ಲ.”

ಅಳುತ್ತಾ ಮತ್ತೆ ಹೇಳಿದ. ತಟ್ಟೆಗಳ ಮೇಲೆ ಕೈಗಳು ನಿಂತುಬಿಟ್ಟವು. ಅಲ್ಲೇ ಊಟಕ್ಕೆ ಕುಳಿತಿದ್ದ ನಾನು, ಇಷ್ಟಕ್ಕೆ ಕರಗಿಯಾಳು ಎಂದುಕೊಂಡೆ. ಅವಳು ಹಿಟ್ಟಿನ ಕೈ ತೊಳೆದು, ಜೀಪು ಹತ್ತಿ ಸುಮಾಳ ಕೈ ಹಿಡಿದು ಕುಳಿತಳು. ಹಿಂದೆ ಬಂದವನಿಗೆ, “ನೀ ಬಸ್ಸಿಗೆ ಬಾ” ಎಂದಳು.

ಸುಮಾ ಸುಧಾರಿಸಿದಳು. ಈಗ ಮುಂಡಗೋಡದಲ್ಲಿ ಟೀಚರು.

ಈ ವರ್ಷ ನೀಲಕ್ಕ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದಾಗ, ಅಣ್ಣನನ್ನು ಒಮ್ಮೆ ಕರೆಸಲೇ ಎಂದು ಕೇಳಿದೆ.

“ಬ್ಯಾನಿಗೆ ಮಾಫಿ ಕೊಟ್ಟೇನಿ,” ಎಂದಳು. “ಅದಕ್ಕ ತಿಳುವಳಿಕಿ ಇರಲಿಲ್ಲ. ಅವಗ ಇತ್ತು.”

ತವರಿನಿಂದ ಸುಮಾ ಒಬ್ಬಳೇ ಮಣ್ಣು ಹಾಕಬೇಕೆಂದು ಹೇಳಿಟ್ಟೇ ತೀರಿಕೊಂಡಳು. ಹಾಗೇ ಆಯಿತು. ಬಸಣ್ಣ ಸ್ಮಶಾನದ ಗೇಟಿನ ಹೊರಗೆ, ಬಿಸಿಲಿನಲ್ಲಿ ನಿಂತಿದ್ದ. ನಾವು ಯಾರೂ ಒಳಗೆ ಬಾ ಎನ್ನಲಿಲ್ಲ.