ಹಳೇದೇ ತಗೊ ಎಂದೆ

ಪ್ರಸನ್ನ, ನಿನ್ನ ಕೆಂಪು ಕಾರು ನೀನು ಕೊಳ್ಳುವ ಮೊದಲೇ ಒಮ್ಮೆ ನನ್ನ ಕೈಯಲ್ಲಿ ಗಿರ‍್ರನೆ ತಿರುಗಿ ಕಲ್ಲಿಗೆ ಬಡಿದಿತ್ತು. ಅದನ್ನು ನಿನಗೆ ಹೇಳಲಿಲ್ಲ. ಮುಚ್ಚಿಟ್ಟಿದ್ದಷ್ಟೇ ಆಗಿದ್ದರೆ — ಇಲ್ಲ, ಅದೇ ಕಾರನ್ನು ಕೊಳ್ಳು ಎಂದು ನಿನ್ನನ್ನು ಒಪ್ಪಿಸಿದವನೂ ನಾನೇ.

ಮಂಗಳೂರಿನ ಬ್ರೋಕರ್ ಎರಡು ಕಾರುಗಳನ್ನು ಕೊಪ್ಪಕ್ಕೆ ತಂದು, ಓಡಿಸಿ ನೋಡಿ ತೀರ್ಮಾನಿಸಿ ಎಂದು ನನ್ನ ಪಂಪ್‌ಸೆಟ್ ಅಂಗಡಿಯ ಹಿಂದೆ ಬಿಟ್ಟು ಹೋಗಿದ್ದ. ಒಂದೇ ಹೆಸರಿನ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಕೆಂಪಿನದು ಹಳೆಯ ತಲೆಮಾರಿನದು, ಬೂದು ಬಣ್ಣದ್ದು ಅದರ ನಂತರದ್ದು. ಹಳೆಯದು ಹಗುರ, ಸ್ಟೀರಿಂಗ್ ಹಿಡಿದರೆ ರಸ್ತೆಯ ಒಂದೊಂದು ಹರಳೂ ಅಂಗೈಗೆ ತಿಳಿಯುತ್ತಿತ್ತು. ಹೊಸದರಲ್ಲಿ ಆ ಸುಖವಿರಲಿಲ್ಲ, ಆದರೆ ಹಿಂಬದಿ ಜಾರಿದರೆ ಕಂಪ್ಯೂಟರ್ ತಾನೇ ಬ್ರೇಕ್ ಹಿಡಿದು ಕಾರನ್ನು ದಾರಿಗೆ ತರುತ್ತಿತ್ತು. ಹಳೆಯದರಲ್ಲಿ ಆ ಕೆಲಸಕ್ಕೆ ಓಡಿಸುವವನನ್ನು ಬಿಟ್ಟರೆ ಬೇರೆ ಗತಿಯಿಲ್ಲ. ನರಸಿಂಹರಾಜಪುರದ ಕೋರ್ಟಿನಲ್ಲಿ ಎದುರು ವಕೀಲರ ಬಾಯಿ ಮುಚ್ಚಿಸುವ ನೀನು, ಆ ಎರಡರ ನಡುವೆ ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಬೆವರುತ್ತಿದ್ದೆ.

ನೀನು ನನ್ನನ್ನೇ ಏಕೆ ಕೇಳಿದೆ ಎಂದು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. ರ‍್ಯಾಲಿಗಳಲ್ಲಿ ನೀನು ಡ್ರೈವರ್, ನಾನು ಪಕ್ಕದಲ್ಲಿ ಕುಳಿತು ದಾರಿ ಹೇಳುವ ನ್ಯಾವಿಗೇಟರ್. ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಬಿಗಿ, ಜಾರುತ್ತದೋ ಇಲ್ಲವೋ — ನಾನು ಹೇಳಬೇಕು, ನೀನು ಕಣ್ಣಿಗೆ ಕಾಣುವ ಮೊದಲೇ ನಂಬಿ ತಿರುಗಿಸಬೇಕು. ಎಷ್ಟೋ ವರ್ಷ ಹಾಗೆ ಓಡಿದೆವು. ಒಮ್ಮೆಯಾದರೂ ನೀನು ನನ್ನ ಮಾತನ್ನು ಅನುಮಾನಿಸಲಿಲ್ಲ. ಗೆದ್ದಾಗ ಜನ ನಿನ್ನ ಹೆಸರು ಕೂಗುತ್ತಿದ್ದರು, ನಾನು ಎರಡೂ ಹೆಲ್ಮೆಟ್ ಹಿಡಿದುಕೊಂಡು ನಿಂತಿರುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು ಪ್ರಸನ್ನ. ಸ್ಟೀರಿಂಗ್ ನನ್ನ ಕೈಯಲ್ಲಿದ್ದರೆ ನಾನೂ ಏನು ಕಡಿಮೆ ಎಂದು —

ಕಾರುಗಳು ಬಂದ ಮರುದಿನ ನಿನಗೆ ಕೋರ್ಟಿತ್ತು. ನಾನೊಬ್ಬನೇ ಕೆಂಪು ಕಾರನ್ನು ಭಂಡಿಗಡಿಯ ಕಡೆಗೆ ಒಯ್ದೆ. ರಸ್ತೆ ಒದ್ದೆಯಾಗಿತ್ತು, ಮರದ ನೆರಳಿನಲ್ಲಿ ಅಂಚಿಗೆಲ್ಲ ಪಾಚಿ ಕಟ್ಟಿತ್ತು. ಒಂದು ಬಲತಿರುವಿಗೆ ನಿನ್ನ ವೇಗದಲ್ಲೇ ನುಗ್ಗಿದೆ, ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ಕಿತ್ತೆ. ಹಿಂಬದಿ ಜಾರಿಹೋಯಿತು. ಧರೆ, ಮರ, ಆಕಾಶ ಎಲ್ಲ ಒಟ್ಟಿಗೆ ಸುತ್ತಿದವು. ಹಿಂದಿನ ಎಡಚಕ್ರ ಚರಂಡಿಯ ಕಲ್ಲಿಗೆ ಬಡಿದ ಸದ್ದಿಗೆ ಹಲ್ಲು ಜುಮ್ಮೆಂದಿತು. ಕಾರು ಬಂದ ದಾರಿಗೇ ಮುಖಮಾಡಿ ನಿಂತಿತ್ತು. ಹೇಗೋ ಸ್ಟಾರ್ಟ್ ಮಾಡಿ ಬದಿಗೆ ತಂದೆ, ಅಷ್ಟರಲ್ಲಿ ಅದೇ ತಿರುವಿನಲ್ಲಿ ಶೃಂಗೇರಿಯ ಬಸ್ಸು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಅದು ತುಸು ಮುಂಚೆ ಬಂದಿದ್ದರೆ ಎಂಬುದನ್ನು ಇವತ್ತಿಗೂ ಪೂರ್ತಿ ಯೋಚಿಸಲು ನನಗೆ ಧೈರ್ಯವಿಲ್ಲ.

ಕೆಸರು ಒರೆಸಿದೆ. ಚಕ್ರದ ಅಂಚಿನಲ್ಲಿ ಸಣ್ಣ ಗೀರು ಬಿಟ್ಟರೆ ಹೊರಗೆ ಏನೂ ಕಾಣಲಿಲ್ಲ. ಒಳಗೆ ಏನು ಬಾಗಿತ್ತೋ ನೋಡಲಿಲ್ಲ. ನೋಡಲು ಹೆದರಿದೆ.

ಸಂಜೆ ನೀನು ಕೋಟು ಬಿಚ್ಚುವ ಮೊದಲೇ ಕೇಳಿದೆ.

"ಎಂತ ಮಾಡದು ಮಾರಾಯ? ನೀ ಯಾವ್ದು ಹೇಳ್ತೀಯೋ ಅದು."

ಹೊಸದನ್ನು ತೆಗೆದುಕೊ ಎಂದರೆ ಏಕೆ ಎಂದು ಕೇಳುತ್ತೀಯ. ಬೇಡವೆಂದ ಹಳೆಯದನ್ನು ಬ್ರೋಕರ್ ವಾಪಸು ಒಯ್ದರೆ ಅಡಿಗೆ ಬಗ್ಗಿ ನೋಡುತ್ತಾನೆ. ಕೊಪ್ಪದ ಪೇಟೆಯೆಲ್ಲ ನಗುತ್ತದೆ. ಇವಿಷ್ಟೂ ಒಂದು ಉಸಿರಿನಲ್ಲಿ ತಲೆಯೊಳಗೆ ಓಡಿದವು. ಮರುಕ್ಷಣ ನನ್ನ ಬಾಯಿ ತಾನಾಗಿ ಆಡಿತು.

"ಹಳೇದೇ ತಗೊ. ಹೊಸದ್ರಲ್ಲಿ ಎಂತ ಉಂಟು, ಮುದುಕರು ಓಡ್ಸದು ಅದು."

ನೀನು ನಕ್ಕೆ, ಕೆಂಪು ಕಾರಿನ ಬಾನೆಟ್ ತಟ್ಟಿದೆ.

ಕೆಲವು ತಿಂಗಳ ಮೇಲೆ ನೀನು, ಒದ್ದೆ ರಸ್ತೆಯಲ್ಲಿ ಹಿಂದುಗಡೆ ಏನೋ ಎಳೆದ ಹಾಗಾಗುತ್ತದೆ ಎಂದೆ. ಹಳೆಯ ಗಾಡಿಗಳೆಲ್ಲ ಹಾಗೇ ಎಂದು ನಾನು ಮಾತು ತೇಲಿಸಿದೆ. ಅಂದಿನಿಂದ ನೀನು ಆ ಕಾರು ತೆಗೆದ ದಿನ ನನಗೆ ಅನ್ನ ಇಳಿಯುವುದಿಲ್ಲ. ನಿನ್ನ ಫೋನು ಬಂದರೆ ಬದುಕಿದ್ದಾನೆ ಎಂದುಕೊಳ್ಳುತ್ತೇನೆ. ಬೇರೆ ನಂಬರಿನಿಂದ ಬಂದರೆ ಎತ್ತಲು ಕೈ ಬರುವುದಿಲ್ಲ. ಆದರೂ ನೀನು ಪಳಗಿದ ಡ್ರೈವರ್, ಜಾರಿದರೆ ಹಿಡಿಯುತ್ತೀಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈಗ ನೀನು ಅದನ್ನು ಸಿಂಚನಾಗೆ ಕೊಟ್ಟಿದ್ದೀಯ. ನಿನ್ನ ಮಗಳು, ಶೃಂಗೇರಿಯ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದವಳು, ಬರುವ ಸೋಮವಾರದಿಂದ ದಿನಾ ಆ ತಿರುವುಗಳಲ್ಲಿ ಒಬ್ಬಳೇ. ಮೊನ್ನೆ ಅಂಗಡಿಗೆ ಬಂದು, "ಚಿಕ್ಕಪ್ಪ, ಹಳೇ ಗಾಡಿ ಆದ್ರೂ ಹೆದ್ರಿಕೆ ಇಲ್ಲ ಅಲ್ವ? ನೀವೇ ಓಡ್ಸಿ ನೋಡಿ ಆರ್ಸಿದ್ದು ಅಂತ ಅಪ್ಪ ಹೇಳ್ತಿದ್ರು" ಎಂದಳು.

ಹೂಂ ಎಂದೆ. ಆ ಮುಖ ನೋಡಿಯೂ ಹೂಂ ಎಂದೆ.

ನಿನ್ನೆ ನಿಮ್ಮ ಮನೆಗೆ ಬಂದವನು ಮೊಳೆಗೆ ತೂಗುಹಾಕಿದ್ದ ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡು ಬಂದೆ. ಕಾಫಿ ಕೊಟ್ಟ ಮನೆಯಲ್ಲಿ ಕದ್ದೆ. ಬೆಳಿಗ್ಗೆಯಿಂದ ಮನೆಯೆಲ್ಲ ಜಾಲಾಡುತ್ತಿದ್ದೀರಂತೆ, ಎಲ್ಲೋ ಇಟ್ಟು ಮರೆತಳೆಂದು ಸಿಂಚನಾಗೆ ಬೈಗುಳವಂತೆ. ನನ್ನ ತಪ್ಪಿಗೆ ಆ ಹುಡುಗಿ ಬೈಸಿಕೊಳ್ಳುವುದು ಇದೇ ಕೊನೆಯಾಗಲಿ.

ಇದನ್ನು ಬರೆದು ಮುಗಿಸಿ ಮೆಕ್ಯಾನಿಕ್ಕನ್ನು ಕರೆದುಕೊಂಡೇ ನಿನ್ನ ಮನೆಗೆ ಹೊರಡುತ್ತೇನೆ. ಅವಳ ಎದುರಿನಲ್ಲೇ ಎಲ್ಲವನ್ನೂ ಹೇಳುತ್ತೇನೆ. ನೀನು ಕೆನ್ನೆಗೆ ಬಾರಿಸಿದರೆ ಬಾರಿಸು. ನನಗೆ ಭಯವಿರುವುದು ಇನ್ನೊಂದಕ್ಕೆ — ಎಲ್ಲ ಕೇಳಿದ ಮೇಲೂ ನೀನು, ಹೋಗ್ಲಿ ಬಿಡು ಮಾರಾಯ, ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ ಎಂದು ನಕ್ಕು, ಕೀಗಾಗಿ ಕೈ ಚಾಚುತ್ತೀಯೇನೋ. ಚಾಚಿದರೂ ಕೊಡುವುದಿಲ್ಲ ಪ್ರಸನ್ನ. ಹಿಂದಿನ ಎಡಚಕ್ರ ಬಿಚ್ಚಿ ಒಳಗೆ ನಾನು ಏನು ಮಾಡಿಟ್ಟಿದ್ದೇನೆಂದು ನೀನು, ಸಿಂಚನಾ, ನಾನು ಮೂವರೂ ನೋಡುವವರೆಗೆ ಅದು ನನ್ನ ಮುಷ್ಟಿಯಲ್ಲೇ ಇರುತ್ತದೆ.