ಅತ್ತೆ ಮತ್ತು ನಾನು ರೇಡಿಯೇಟರ್ ತೊಳೆದದ್ದು

ವನಗೂರಿನ ಏರು ಹತ್ತುವಾಗ ನಮ್ಮ ಹಳೆಯ ಕಾರು ದಿನವೂ ಬಿಸಿಯಾಗಿ ನಿಲ್ಲುತ್ತಿತ್ತು. ನಾನು ಅಲ್ಲೊಂದು ಎಸ್ಟೇಟಿನ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ತಡವಾಗಿದ್ದಕ್ಕೆ ಇಂಜಿನ್ ಬಿಸಿಯಾಯಿತು ಎಂದು ನಾನು ಕೊಟ್ಟ ಕಾರಣವನ್ನು ಹಾಜರಿ ಬರೆಯುವ ರೈಟರು ಮೊದಲ ವಾರ ನಂಬಿದರು. ಎರಡನೆಯ ವಾರ ನಾನು ಬಾಯಿ ತೆರೆಯುವ ಮೊದಲೇ ಅದನ್ನು ಅವರೇ ಹೇಳತೊಡಗಿದರು.

ಸಕಲೇಶಪುರದ ಮೆಕ್ಯಾನಿಕ್ ಕಾರು ತಣ್ಣಗಾಗುವವರೆಗೆ ಕಾದು, ರೇಡಿಯೇಟರಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ನೋಡಿದ. ಒಳಗೆಲ್ಲ ತುಕ್ಕು ಕಟ್ಟಿದೆ, ಹೊಸದೇ ಹಾಕಿಸಿ ಎಂದ. ತುಕ್ಕು ಹಿಡಿಯದಂತೆ ಹಾಕುವ ಕೂಲೆಂಟ್ ಬದಲು ವರ್ಷಗಟ್ಟಲೆ ಬಾವಿ ನೀರು ಸುರಿದವಳು ನಾನೇ. ಹೊಸದರ ಬೆಲೆ ಕೇಳಿಕೊಂಡು ಮನೆಗೆ ಬಂದೆ.

ವಿಷಯ ಕೇಳಿದ್ದೇ ನನ್ನ ಅತ್ತೆಗೆ ಹುಮ್ಮಸ್ಸು ಬಂತು. ಹುಣಸೆಹುಳಿ ಹಾಕಿ ತಾಮ್ರದ ಹಂಡೆಯನ್ನು ಮುಖ ಕಾಣುವಂತೆ ಬೆಳಗುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಊರಲ್ಲಿಲ್ಲ.

"ಹುಳಿ ಬಿದ್ಮೇಲೆ ಯಾವ ಕಿಲುಬು ನಿಂತಾತು? ಹಂಡೆಗಾದ್ರೇನು, ಕಾರಿಗಾದ್ರೇನು ಕಣೆ," ಎಂದರು.

ಹುಣಸೆಯ ನಾರು ಕೊಳವೆಗೆ ಸಿಕ್ಕಿಕೊಂಡೀತು ಎಂದು ನಾನು ತಡೆದೆ. ಕೊನೆಗೆ ಷರಬತ್ತಿಗೆಂದು ತಂದಿಟ್ಟಿದ್ದ ನಿಂಬೆ ಉಪ್ಪಿನ ಹುಳಿ ಹರಳಿಗೆ ಇಬ್ಬರೂ ಒಪ್ಪಿದೆವು. ಭಾನುವಾರ ಬೆಳಿಗ್ಗೆ ಹಳೆಯ ನೀರು ಬಸಿದು, ಬಕೆಟ್ಟಿನಲ್ಲಿ ನಿಂಬೆ ಉಪ್ಪು ಕರಗಿಸಿದೆ. ಅತ್ತೆ ಬೆರಳದ್ದಿ ರುಚಿ ನೋಡಿ, ಹುಳಿ ಸಾಲದೆಂದು ಇನ್ನೊಂದಿಷ್ಟು ಹಾಕಿಸಿದರು. ಅದನ್ನು ತುಂಬಿ ಇಪ್ಪತ್ತು ನಿಮಿಷ ಇಂಜಿನ್ ಓಡಿಸಿ, ಆರಲು ಬಿಟ್ಟು ಬಸಿದರೆ, ಗಟ್ಟಿ ಡಿಕಾಕ್ಷನ್ನಿನಂಥ ನೀರು ಬಂತು. ಆಮೇಲೆ ಬರೀ ನೀರು ಹಾಕಿ ಮೂರು ಸಲ ತೊಳೆದೆವು. ಕೊನೆಯ ಸಲ ತಿಳಿನೀರು ಬಂದಾಗ ಅತ್ತೆ ಪಕ್ಕದ ಮನೆಯವರನ್ನು ಕರೆದು ತೋರಿಸಿದರು.

ಮರುದಿನ ಕಾರು ಎಲ್ಲೂ ನಿಲ್ಲದೆ ಏರು ಹತ್ತಿತು. ನನ್ನನ್ನು ಕಂಡು ರೈಟರು ಗಡಿಯಾರ ಕೆಟ್ಟಿದೆಯೇ ಎಂದು ನೋಡಿದರು. ನನಗೂ ಸ್ವಲ್ಪ ಜಂಬ ಬಂದಿತ್ತು. ಸಂಜೆ ಹೊರಡುವಾಗ ನೋಡಿದರೆ ಕಾರಿನಡಿ ನೀರೋ ನೀರು. ರೇಡಿಯೇಟರ್ ಮೂರು ಕಡೆ ಸೋರುತ್ತಿತ್ತು. ನೀರು ತುಂಬಿ, ನಿಲ್ಲಿಸಿ, ಮತ್ತೆ ತುಂಬಿ ಹೇಗೋ ಮನೆ ಸೇರಿದೆ.

ಮಂಗಳವಾರ ರಜೆ ಹಾಕಿ ಸಕಲೇಶಪುರಕ್ಕೆ ಹೊರಟೆ. ಅತ್ತೆ ತೊಡೆಯ ಮೇಲೊಂದು, ಕಾಲ ಬಳಿಯೊಂದು ನೀರಿನ ಕೊಡ ಇಟ್ಟುಕೊಂಡು ಜೊತೆಗೆ ಬಂದರು. ಮೆಕ್ಯಾನಿಕ್ ಬಗ್ಗಿ ನೋಡಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ನಗುತ್ತಿದ್ದಾನೆಂದು ಅವನ ಬೆನ್ನು ನೋಡಿಯೇ ಗೊತ್ತಾಯಿತು.

"ತೂತು ಮೊದ್ಲಿಂದ್ಲೂ ಐತೆ ಕಣಮ್ಮ. ಆ ತುಕ್ಕೇ ಅದನ್ನ ಮುಚ್ಕೊಂಡಿತ್ತು. ನೀವು ಅದನ್ನೂ ತೊಳ್ದ್ಬುಟ್ರಿ," ಎಂದ.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅತ್ತೆ ಮಾತ್ರ ಕೊಡ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡರು.

"ಅಂದ್ರೆ ಚೆನ್ನಾಗೇ ತೊಳ್ದಿದೀವಿ ಅಂತಾಯ್ತಲ್ಲಪ್ಪ."

ಅವನು ಒಪ್ಪಲೇಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಹೊಸ ರೇಡಿಯೇಟರ್ ಕೂರಿಸಿ ಕೊಟ್ಟ. ಹಳೆಯದನ್ನು ಗುಜರಿಗೆ ಹಾಕಲು ಅತ್ತೆ ಬಿಡಲಿಲ್ಲ. ಇಷ್ಟು ಚೊಕ್ಕಟವಾದ ಸಾಮಾನು ಯಾರಾದರೂ ಬಿಸಾಡುತ್ತಾರೆಯೇ ಎಂದು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದರು. ಈಗ ಅದನ್ನು ಬಚ್ಚಲ ಒಲೆಯ ಪಕ್ಕ ಒರಗಿಸಿದ್ದೇವೆ. ತೋಟಕ್ಕೆ ಹೋಗಿಬಂದವರ ಬೂಟುಗಳು ಅದರ ಮೇಲೆ ಒಣಗುತ್ತವೆ.